ರಸ್ತೆಯ ಧೂಳನ್ನು ತೂಗಿ ನೋಡಿದಾಗ

ನಾನು ಮಹಾನಗರ ಪಾಲಿಕೆಯೊಂದರಲ್ಲಿ ಪರಿಸರ ಎಂಜಿನಿಯರ್. ಕಸ, ಚರಂಡಿ, ಸತ್ತ ದನ ಎಲ್ಲವೂ ನಮ್ಮ ವಿಭಾಗಕ್ಕೇ ಬರುತ್ತವೆ. ಗಾಳಿ ಮಾತ್ರ ಬಹಳ ಕಾಲ ನಮ್ಮದಾಗಿರಲಿಲ್ಲ. ಅದು ಮಾಲಿನ್ಯ ನಿಯಂತ್ರಣ ಮಂಡಳಿಯವರ ಕೆಲಸ ಅಂತಲೇ ಇದ್ದೆವು. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಎಲ್ಲರೂ ಅದನ್ನು ಎನ್‌ಕ್ಯಾಪ್ ಅಂತಾರೆ. ಮೊದಲು 102 ನಗರಗಳಿದ್ದವು, ಆಮೇಲೆ 131 ಆದವು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಈ ಪಟ್ಟಿಯಲ್ಲಿವೆ. ನಮ್ಮದು ಈ ನಾಲ್ಕರಲ್ಲಿ ಒಂದು.

ಹಣ ಬಂತು, ಜೊತೆಗೆ ಗುರಿಯೂ ಬಂತು. 2025-26ರೊಳಗೆ ಪಿಎಂ10, ಅಂದರೆ ಗಾಳಿಯಲ್ಲಿ ತೇಲುವ 10 ಮೈಕ್ರಾನ್‌ವರೆಗಿನ ಸಣ್ಣ ಕಣಗಳು, ಶೇ 40ರಷ್ಟು ಇಳಿಯಬೇಕು, ಇಲ್ಲವೇ ವರ್ಷದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮಿತಿಯೊಳಗೆ ಬರಬೇಕು. ಏನು ಕೊಳ್ಳಬೇಕು ಅಂತ ಎಲ್ಲರಿಗೂ ಗೊತ್ತಿತ್ತು: ಗುಡಿಸುವ ಯಂತ್ರ, ನೀರು ಚಿಮುಕಿಸುವ ಟ್ಯಾಂಕರ್. ಕೊಂಡದ್ದನ್ನು ಯಾವ ರಸ್ತೆಗೆ, ಯಾವ ಹೊತ್ತಿಗೆ ಕಳಿಸಬೇಕು ಅನ್ನೋದು ಯಾರಿಗೂ ಗೊತ್ತಿರಲಿಲ್ಲ.

ಎನ್‌ಕ್ಯಾಪ್‌ನಲ್ಲಿ ಪಾಲಿಕೆಗಳ ನೆರವಿಗೆ ತಾಂತ್ರಿಕ ಸಂಸ್ಥೆಗಳನ್ನು ಜೋಡಿಸಿದ್ದಾರೆ. ಇವುಗಳ ಜಾಲಕ್ಕೆ ಕಾನ್ಪುರ ಐಐಟಿ ಮುಖ್ಯ ಕೊಂಡಿ. ಇಂಥ ನೆರವು ಸಾಮಾನ್ಯವಾಗಿ ದಪ್ಪನೆಯ ವರದಿಯಾಗಿ ಬರುತ್ತದೆ. ನಮಗೂ ಒಂದು ಬಂತು. ಓದಿದೆ. ನಮ್ಮಂಥ ಊರುಗಳಲ್ಲಿ ಪಿಎಂ10ರ ದೊಡ್ಡ ಪಾಲು ರಸ್ತೆ ಧೂಳಿನದೇ ಅಂತ ಅದರಲ್ಲಿತ್ತು. ಸರಿ, ಆದರೆ ಯಾವ ರಸ್ತೆಯದು? ಅದನ್ನು ಕೇಳಲು ಸಂಸ್ಥೆಯವರಿಗೆ ಫೋನ್ ಮಾಡಿದೆ. ಇನ್ನೊಂದು ವರದಿ ಬೇಡ, ನಮ್ಮ ಹುಡುಗರಿಗೇ ಅಳೆಯೋದು ಕಲಿಸಿಕೊಡಿ ಅಂದೆ. ಒಪ್ಪಿಕೊಂಡರು. ಈ ಬರಹದಲ್ಲಿ ಹೇಳಬೇಕಾದ್ದು ಜಾಸ್ತಿ ಇರೋದು ಇಲ್ಲೇ.

ಅಳತೆ ಕೇಳಲು ಸುಲಭ. ಟ್ರಾಫಿಕ್ ಪೊಲೀಸರ ಸಹಾಯದಿಂದ ಬೆಳಗಿನ ಜಾವ ರಸ್ತೆಯ ಒಂದು ತುಂಡನ್ನು ಸ್ವಲ್ಪ ಹೊತ್ತು ತಡೆಯಬೇಕು. ಸೀಮೆಸುಣ್ಣದಲ್ಲಿ ಗೆರೆ ಎಳೆದು ಉದ್ದ, ಅಗಲ ಬರೆದುಕೊಳ್ಳಬೇಕು. ಗೆರೆಯೊಳಗಿನ ಧೂಳನ್ನು ಪೊರಕೆಯಿಂದಲೂ ವ್ಯಾಕ್ಯೂಮ್‌ನಿಂದಲೂ ಪೂರ್ತಿ ಎತ್ತಬೇಕು. ಓವನ್‌ನಲ್ಲಿ ಒಣಗಿಸಿ, 200 ನಂಬರಿನ ಜರಡಿಯಲ್ಲಿ ಜರಡಿ ಹಿಡಿಯಬೇಕು. ಆ ಜರಡಿಯ ಕಣ್ಣು 75 ಮೈಕ್ರಾನ್. ಕೆಳಗೆ ಇಳಿದ ನುಣುಪು ಮಣ್ಣನ್ನು ಮಾತ್ರ ತೂಗಿ, ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ಲೆಕ್ಕ ಹಾಕಬೇಕು. ಮಳೆ ಬಿದ್ದ ಕೂಡಲೇ ಅಳೆಯಬಾರದು. ರಸ್ತೆ ಒಣಗಿ, ಧೂಳು ಮತ್ತೆ ಕೂಡಲು ಬಿಡಬೇಕು. ನಡು ರಸ್ತೆಯದನ್ನೂ ಅಂಚಿನದನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ ಅಂತ ಸಂಸ್ಥೆಯ ಮೇಡಂ ಒತ್ತಿ ಹೇಳಿದ್ದರು. ಅದು ಎಷ್ಟು ಒಳ್ಳೆಯ ಮಾತು ಅಂತ ಆಮೇಲೆ ತಿಳಿಯಿತು.

ಯಾವ ಜಾಗ ಅಳೆಯಬೇಕು ಅನ್ನೋದರಲ್ಲಿ ನಮಗೆ ದಾರಿ ತೋರಿಸಿದ್ದು ಪೌರಕಾರ್ಮಿಕರ ಮೇಸ್ತ್ರಿ. ನಕ್ಷೆ ನೋಡಿ ಗುರುತು ಮಾಡಿದ್ದ ಒಂದು ಕಡೆ ನಿಂತು, "ಸರ್, ಇಲ್ಲಲ್ಲ, ಆ ತಿರುವಿನ ಹತ್ರ ಅಳೀರಿ. ಮಣ್ಣೆಲ್ಲ ಅಲ್ಲೇ ಬಂದು ನಿಲ್ಲೋದು" ಅಂದರು. ಮೇಡಂ ಎರಡೂ ಕಡೆ ಅಳೆಸಿದರು. ಮೇಸ್ತ್ರಿ ಹೇಳಿದ ಕಡೆ ನುಣುಪು ಮಣ್ಣು ಬಹಳ ಜಾಸ್ತಿ ಇತ್ತು. ಅಂದಿನಿಂದ ಜಾಗ ಆರಿಸುವಾಗ ಅವರು ಜೊತೆಗೇ ಇರುತ್ತಾರೆ. ದಿನಾ ಆ ಧೂಳನ್ನು ಉಸಿರಾಡುವವರು ಅವರೇ ಅಲ್ವಾ?

ಮಣ್ಣಿನ ತೂಕದಿಂದ ಗಾಳಿಗೆ ಏಳುವ ಧೂಳನ್ನು ಲೆಕ್ಕ ಹಾಕಲು ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಎಪಿ-42 ಕೈಪಿಡಿಯ ಸೂತ್ರ ಬಳಸುತ್ತಾರೆ. ಅದರಲ್ಲಿ ಮುಖ್ಯವಾದವು ಎರಡು: ರಸ್ತೆಯ ಮೇಲಿನ ನುಣುಪು ಮಣ್ಣು, ಅಲ್ಲಿ ಓಡಾಡುವ ವಾಹನಗಳ ಸರಾಸರಿ ತೂಕ. ಮಣ್ಣಿಗೆ 0.91 ಘಾತ, ತೂಕಕ್ಕೆ 1.02 ಘಾತ. ಬಿಡಿಸಿ ಹೇಳಿದರೆ, ಮಣ್ಣನ್ನು ಅರ್ಧಕ್ಕೆ ಇಳಿಸಿದರೆ ಏಳುವ ಧೂಳು ಸುಮಾರು ಶೇ 47ರಷ್ಟು ಕಡಿಮೆಯಾಗುತ್ತದೆ. ಅಷ್ಟೇ ಮಣ್ಣಿರುವ ಎರಡು ರಸ್ತೆಗಳಲ್ಲಿ, ಲಾರಿ ಓಡುವ ರಸ್ತೆ ಸ್ಕೂಟರ್ ಓಡುವ ರಸ್ತೆಗಿಂತ ಎಷ್ಟೋ ಪಟ್ಟು ಹೆಚ್ಚು ಧೂಳೆಬ್ಬಿಸುತ್ತದೆ. ನಮ್ಮ ಯಂತ್ರ ಅಲ್ಲಿಯವರೆಗೆ ಪೇಟೆಯ ದೊಡ್ಡ ಬೀದಿಯಲ್ಲೇ ಓಡಾಡುತ್ತಿತ್ತು, ಯಾಕೆಂದರೆ ಜನ ನೋಡೋದು ಅಲ್ಲಿ. ಲೆಕ್ಕ ತೋರಿಸಿದ್ದು ಜಲ್ಲಿ, ಎಂ-ಸ್ಯಾಂಡ್ ಲಾರಿಗಳು ಓಡಾಡುವ ಹೊರವಲಯದ ರಸ್ತೆಗಳನ್ನು. ಆ ಕಾಗದ ಮುಂದಿಟ್ಟ ಮೇಲೆ ಯಂತ್ರದ ದಾರಿ ಬದಲಾಯಿಸಲು ಕಮಿಷನರ್ ತಡ ಮಾಡಲಿಲ್ಲ.

ಇನ್ನು ಆ ಎರಡು ಚೀಲಗಳ ವಿಷಯ. ಹೆಚ್ಚಿನ ಕಡೆ ಅಂಚಿನ ಚೀಲವೇ ಭಾರ. ಯಾಕೆ ಅಂತ ರಸ್ತೆ ಉದ್ದಕ್ಕೂ ನಡೆದು ನೋಡಿದೆವು. ಡಾಂಬರಿನ ಪಕ್ಕದ ಮಣ್ಣಿನ ಅಂಚು ಒಂದು ಕಾರಣ. ಇನ್ನೊಂದು, ಚರಂಡಿಯಿಂದ ಎತ್ತಿದ ಹೂಳು. ಅದನ್ನು ಎತ್ತಿ ದಡದಲ್ಲೇ ಗುಡ್ಡೆ ಹಾಕುತ್ತಾರೆ. ಬಿಸಿಲಿಗೆ ಒಣಗುತ್ತದೆ. ಟೈರಿಗೆ ಸಿಕ್ಕಿ ಪುಡಿಯಾಗಿ ಗಾಳಿಗೆ ಏಳುತ್ತದೆ. ಹೂಳು ಎತ್ತಿಸುವುದೂ ಗುಡಿಸುವುದೂ ಒಂದೇ ಪಾಲಿಕೆ, ಆದರೆ ಗುತ್ತಿಗೆ ಬೇರೆ ಬೇರೆ. ಹೂಳಿನ ಗುತ್ತಿಗೆಯಲ್ಲಿ ಒಂದು ಸಾಲು ಸೇರಿಸಿದೆವು: ಎತ್ತಿದ್ದನ್ನು ಒಣಗುವ ಮೊದಲೇ ಸಾಗಿಸಬೇಕು, ಅಲ್ಲಿಯವರೆಗೆ ಬಿಲ್ ಇಲ್ಲ. ಯಂತ್ರ ಕೊಂಡಿದ್ದಕ್ಕಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡಿತು ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಟ್ಟಡ ಕಟ್ಟುವ ಜಾಗಗಳದ್ದು ಇನ್ನೂ ಮುಗಿದಿಲ್ಲ. ಕಟ್ಟಡದ ಅವಶೇಷಗಳ ಬಗ್ಗೆ 2016ರಲ್ಲೇ ನಿಯಮ ಬಂದಿತ್ತು. ಆದರೆ ಲಾರಿ ಚಕ್ರಕ್ಕೆ ಅಂಟಿ ಬರುವ ಕೆಸರನ್ನು ಗೇಟಿನಲ್ಲೇ ತೊಳೆಸುವುದು ದೊಡ್ಡ ಹೋರಾಟ. ನೋಟಿಸ್ ಕೊಡುತ್ತಲೇ ಇದ್ದೇವೆ.

ಬೇರೆ ಊರಿನ ಎಂಜಿನಿಯರ್‌ಗಳು ಫೋನ್ ಮಾಡಿ ಕೇಳಿದಾಗ ಇಷ್ಟು ಹೇಳುತ್ತೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಗಾಳಿ ಅಳೆಯುವ, ಸ್ವಯಂಚಾಲಿತವಲ್ಲದ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಳೆಯುತ್ತಾರೆ. ನೀವು ಮಾಡಿದ ಕೆಲಸದ ಫಲ ಆ ಅಂಕಿಯಲ್ಲಿ ಮರುವಾರವೇ ಕಾಣೋದಿಲ್ಲ. ಮಳೆ, ಗಾಳಿ, ಪಕ್ಕದ ಕಾರ್ಖಾನೆ ಎಲ್ಲ ಅದರಲ್ಲಿ ಬೆರೆತಿರುತ್ತವೆ. ರಸ್ತೆಯ ಮಣ್ಣಿನ ತೂಕವಾದರೋ ಬೇಗ ಉತ್ತರ ಕೊಡುತ್ತದೆ. ಮೇಲಿನವರು ಫಲ ಎಲ್ಲಿ ಅಂತ ಕೇಳಿದಾಗ ತೋರಿಸಲು ಅದು ಕೈಯಲ್ಲಿರಲಿ. ಫೆಬ್ರವರಿಯ ತೂಕವನ್ನು ಫೆಬ್ರವರಿಗೇ ಹೋಲಿಸಿ, ಆಗಸ್ಟಿಗೆ ಹೋಲಿಸಬೇಡಿ. ನಿಮಗೆ ಜೋಡಿಸಿದ ಸಂಸ್ಥೆಯವರನ್ನು ಸಭೆಗೆ ಕರೆಯುವ ಬದಲು ರಸ್ತೆಗೆ ಕರೆಯಿರಿ. ಹೆಚ್ಚಿನವರು ಖುಷಿಯಿಂದ ಬರುತ್ತಾರೆ. ನಾವು ಅಳತೆಯ ಫಾರಂ ಕನ್ನಡದಲ್ಲಿ ಮಾಡಿಕೊಂಡಿದ್ದೇವೆ. ಮೇಸ್ತ್ರಿಗಳೇ ತುಂಬುತ್ತಾರೆ. ಬೇಕಾದವರಿಗೆ ಕಳಿಸಿಕೊಡುತ್ತೇನೆ.