ನೆಡುವ ಮೊದಲೇ ಹಿಮ ಬಂತೇ? ಕುಂಡದ ಸಸಿ ಉಳಿಸುವುದು ಹೀಗೆ

ಚಳಿಗಾಲ ಹತ್ತಿರ ಬಂದರೆ ಅಮೆರಿಕದ ನರ್ಸರಿಗಳಲ್ಲಿ ಸೇಬು, ಮೇಪಲ್ ಸಸಿಗಳು ಅಗ್ಗಕ್ಕೆ ಸಿಗುತ್ತವೆ. ನ್ಯೂಜೆರ್ಸಿ, ಶಿಕಾಗೊ ಕಡೆಯ ನಮ್ಮವರೂ ಆಸೆಯಿಂದ ತರುತ್ತಾರೆ. ಎಲ್ಲಿ ನೆಡೋಣ ಅಂತ ಯೋಚಿಸುವಷ್ಟರಲ್ಲಿ ನೆಲ ಕಲ್ಲಾಗಿರುತ್ತದೆ. ಸನಿಕೆ ಇನ್ನೂ ಇಳಿಯುತ್ತಿದ್ದರೆ ತಡಮಾಡದೆ ನೆಟ್ಟುಬಿಡಿ. ಇಲ್ಲವಾದರೆ ವಸಂತದವರೆಗೆ ಕುಂಡದಲ್ಲೇ ಕಾಪಾಡಬೇಕು.

ಕಾಪಾಡಬೇಕಾದ್ದು ಕೊಂಬೆಯನ್ನಲ್ಲ, ಬೇರನ್ನು. ಮೈನಸ್ 25 ಡಿಗ್ರಿ ಸೆಲ್ಸಿಯಸ್ ತಡೆಯುವ ಮರದ ಎಳೆ ಬೇರು ಕೂಡ ಮೈನಸ್ 5-6ಕ್ಕೇ ಸಾಯಬಹುದು. ನೆಲದೊಳಗೆ ಅಷ್ಟು ಚಳಿ ಇಳಿಯುವುದು ಕಡಿಮೆ. ಕುಂಡಕ್ಕಾದರೆ ಸುತ್ತಲಿಂದಲೂ ಚಳಿ ಹೊಡೆಯುತ್ತದೆ.

ಮೊದಲು ಚೆನ್ನಾಗಿ ನೀರು ಹಾಕಿ. ಒದ್ದೆ ಮಣ್ಣು ಒಣಮಣ್ಣಿಗಿಂತ ನಿಧಾನವಾಗಿ ತಣ್ಣಗಾಗುತ್ತದೆ. ಗೊಬ್ಬರ ಮಾತ್ರ ಬೇಡ.

ಮರ ಬೆಳೆಸಲು ಒಗ್ಗದಿದ್ದರೂ, ಹಿತ್ತಲಿನಲ್ಲಿ ಎಲ್ಲಾದರೂ ಮೆದು ಮಣ್ಣಿನ ಜಾಗ ಸಿಕ್ಕರೆ ಕುಂಡದ ಸಮೇತ ಅಂಚಿನವರೆಗೂ ಹೂತು, ಮೇಲೆ ಒಂದು ಗೇಣು ತರಗೆಲೆ ಹರಡಿ. ಎಲ್ಲಕ್ಕಿಂತ ಒಳ್ಳೆಯ ದಾರಿ ಇದೇ. ಆಗದಿದ್ದರೆ ಮನೆಯ ಉತ್ತರ ಅಥವಾ ಪೂರ್ವದ ಗೋಡೆ ಪಕ್ಕ, ಗಾಳಿ ಬೀಸದ ಕಡೆ, ಕುಂಡಗಳನ್ನು ನೆಲದ ಮೇಲೇ ಒತ್ತೊತ್ತಾಗಿ ಇಡಿ. ಸಂದುಗಳಿಗೆ, ಸುತ್ತಲೂ ಒಣಹುಲ್ಲು ಅಥವಾ ತರಗೆಲೆ ತುಂಬಿ. ದಕ್ಷಿಣದ ಗೋಡೆ ಬೆಚ್ಚಗಿರುತ್ತದಲ್ವಾ ಅನ್ನಬೇಡಿ. ಹಗಲು ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುವ ಆಟದಲ್ಲಿ ತೊಗಟೆಯೇ ಸೀಳುತ್ತದೆ.

ಹುಲ್ಲಿನ ಬೆಚ್ಚಗೆ ಇಲಿಗಳೂ ಬರುತ್ತವೆ. ಹಿಮದ ಅಡಿಯಲ್ಲಿ ಕೂತು ಬುಡದ ತೊಗಟೆಯನ್ನು ಸುತ್ತಲೂ ಕೆರೆದು ತಿಂದರೆ ಮರ ಹೋದ ಹಾಗೆಯೇ. ಸಣ್ಣ ಕಣ್ಣಿನ ತಂತಿ ಬಲೆಯನ್ನು ಬುಡಕ್ಕೆ ಸುತ್ತಿಬಿಡಿ, ತೊಗಟೆಗೆ ತಾಗದ ಹಾಗೆ.

ಹೀಟರ್ ಇಲ್ಲದ ಗರಾಜ್ ಕೂಡ ಆಗುತ್ತದೆ. ಒಳಗೆ ಸೊನ್ನೆಯಿಂದ 7 ಡಿಗ್ರಿ ಇದ್ದರೆ ಸಾಕು. ಎಲೆ ಉದುರಿಸಿದ ಮರಕ್ಕೆ ಬೆಳಕೂ ಬೇಡ. ತಿಂಗಳಿಗೊಂದೆರಡು ಸಲ ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಸ್ವಲ್ಪ ನೀರು ಕೊಡಿ. ಪಾಪ, ಚಳಿ ಅಂತ ಹಾಲ್‌ಗೆ ತಂದಿಟ್ಟರೆ ಮಾತ್ರ ಕೆಟ್ಟಿತು. ಜನವರಿಯಲ್ಲೇ ಚಿಗುರಿ ಸುಸ್ತಾಗುತ್ತದೆ. ಸೇಬಿಗಂತೂ ಸರಿಯಾಗಿ ಹೂ ಬಿಡಲು ಚಳಿ ಬೇಕೇ ಬೇಕು. ಹಲವು ತಳಿಗಳಿಗೆ ಸೊನ್ನೆಯಿಂದ 7 ಡಿಗ್ರಿಯೊಳಗಿನ ಚಳಿ 800ರಿಂದ 1000 ಗಂಟೆ ಬೇಕು. (ಕರಿಬೇವಿನ ಕುಂಡದ ಕಥೆ ಬೇರೆ. ಅದನ್ನು ಹಿಮ ಬೀಳುವ ಮೊದಲೇ ಒಳಗೆ ತಂದು ಬಿಸಿಲು ಬೀಳುವ ಕಿಟಕಿ ಪಕ್ಕ ಇಡಿ.)

ಮಣ್ಣು ಸಡಿಲವಾದ ಮೇಲೆ, ಮೋಡದ ದಿನ ನೋಡಿ ಹೊರಗೆ ತನ್ನಿ. ಗರಾಜ್‌ನಲ್ಲೇ ಮೊಗ್ಗು ಒಡೆದಿದ್ದರೆ, ಹಿಮದ ಮುನ್ಸೂಚನೆ ಇರುವ ರಾತ್ರಿ ಮತ್ತೆ ಒಳಗಿಡಿ. ನೆಡುವಾಗ ಉಗುರಿನಿಂದ ತೊಗಟೆ ಕೆರೆದು ಹಸಿರು ಕಂಡಿತು ಅಂತ ಸುಮ್ನಾಗಬೇಡಿ. ಕುಂಡದಿಂದ ಎಳೆದು ಬೇರನ್ನೂ ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಸರಿ. ಕಪ್ಪಾಗಿ ಮೆತ್ತಗಾಗಿದ್ದರೆ, ಕಾಂಡದಲ್ಲಿ ಉಳಿದ ಶಕ್ತಿಯಿಂದ ಒಮ್ಮೆ ಚಿಗುರಿದರೂ ಬಿಸಿಲು ಏರುತ್ತಿದ್ದಂತೆ ಬಾಡಿಬಿಡುತ್ತದೆ.