ಕೇರರ್ಸ್ ಅಲೋಯನ್ಸ್ ವಾಪಸ್ ಕೊಡಿ ಎಂದು ಪತ್ರ ಬಂದಿದೆಯೇ?

ಕಾಯಿಲೆ ಅಥವಾ ಅಂಗವೈಕಲ್ಯವಿರುವವರನ್ನು ನೋಡಿಕೊಳ್ಳುವವರಿಗೆ ಬ್ರಿಟನ್ ಸರ್ಕಾರ ಕೊಡುವ ಭತ್ಯೆಯೇ ಕೇರರ್ಸ್ ಅಲೋಯನ್ಸ್. ಈ ಬರಹ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರುವವರಿಗೆ. ಸ್ಕಾಟ್ಲೆಂಡ್‌ನಲ್ಲಿ ಭತ್ಯೆಯೂ ಬೇರೆ, ಮೇಲ್ಮನವಿಯ ದಾರಿಯೂ ಬೇರೆ. ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ಭತ್ಯೆ ಪಡೆಯುವಂತಿಲ್ಲ) ಎಂಬ ಷರತ್ತಿದ್ದರೆ, ಭತ್ಯೆಗೆ ಅರ್ಜಿ ಹಾಕುವ ಮುನ್ನವೇ ವಲಸೆ ಸಲಹೆಗಾರರನ್ನು ಕೇಳಿ.

ಭತ್ಯೆ ಕೊಡುವ ಸರ್ಕಾರಿ ಇಲಾಖೆಯಾದ ಡಿಡಬ್ಲ್ಯುಪಿಯ ಪತ್ರದಲ್ಲಿ ಎರಡು ತೀರ್ಮಾನಗಳಿರುತ್ತವೆ. ಇಂಥ ವಾರಗಳಲ್ಲಿ ನಿಮಗೆ ಹಕ್ಕಿರಲಿಲ್ಲ ಎಂಬುದು ಒಂದು. ಆ ಹಣ ನೀವೇ ತುಂಬಬೇಕು ಎಂಬುದು ಇನ್ನೊಂದು. ಕೆಲವರಿಗೆ ಇವು ಬೇರೆ ಬೇರೆ ದಿನ ಬರುತ್ತವೆ. ಹೆಚ್ಚಿನವರು ಮೊತ್ತ ನೋಡಿ ಗಾಬರಿಯಾಗಿ ಎರಡನೆಯದಕ್ಕಷ್ಟೇ ಉತ್ತರಿಸುತ್ತಾರೆ. ಎರಡನ್ನೂ ದಿನಾಂಕ ಸಮೇತ ಹೆಸರಿಸಿ ಪ್ರಶ್ನಿಸಿ. ಅದರ ವಸೂಲಿ ವಿಭಾಗ ಡೆಟ್ ಮ್ಯಾನೇಜ್‌ಮೆಂಟ್‌ನವರು ಕಳಿಸುವುದು ಬರೀ ವಸೂಲಿ ಪತ್ರ, ಅದರ ಮೇಲೆ ಮೇಲ್ಮನವಿ ಇಲ್ಲ. ಆದರೆ ಕಂತು ಕಡಿಮೆ ಮಾಡಿ, ವಿಚಾರಣೆ ಮುಗಿಯುವವರೆಗೆ ತಡೆಯಿರಿ ಎಂದು ಬರೆದು ಕೇಳುವುದು ಅವರನ್ನೇ.

ಮೊದಲ ಹೆಜ್ಜೆ ಮ್ಯಾಂಡೇಟರಿ ರಿಕನ್ಸಿಡರೇಶನ್, ಅಂದರೆ ತೀರ್ಮಾನವನ್ನು ಮತ್ತೆ ನೋಡಿ ಎಂದು ಡಿಡಬ್ಲ್ಯುಪಿಯನ್ನೇ ಕೇಳುವುದು. ತೀರ್ಮಾನದ ದಿನಾಂಕದಿಂದ ಒಂದು ತಿಂಗಳೊಳಗೆ ಕೇಳಬೇಕು. ಆಸ್ಪತ್ರೆ ವಾಸದಂಥ ಬಲವಾದ ಕಾರಣವಿದ್ದರೆ ಒಟ್ಟು 13 ತಿಂಗಳವರೆಗೂ ಒಪ್ಪಿಕೊಳ್ಳಬಹುದು.

ಇನ್ನು ಲೆಕ್ಕ. ಜಗಳ ಬಹುಪಾಲು ಇಲ್ಲೇ. ವಾರದ ಗಳಿಕೆಯ ಮಿತಿ 2023–24ರಲ್ಲಿ 139 ಪೌಂಡ್, 2024–25ರಲ್ಲಿ 151, 2025–26ರಲ್ಲಿ 196. ಒಂದು ಪೌಂಡ್ ಮೀರಿದರೂ ಆ ವಾರದ ಭತ್ಯೆ ಪೂರ್ತಿ ಹೋಗುತ್ತದೆ. ಆದರೆ ಹೋಲಿಸಬೇಕಾದ್ದು ಒಟ್ಟು ಸಂಬಳವನ್ನಲ್ಲ: ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ನಿಮ್ಮ ಪಿಂಚಣಿ ವಂತಿಗೆಯ ಅರ್ಧ ಕಳೆಯಬೇಕು. ಉದಾಹರಣೆಗೆ, 2025–26ರಲ್ಲಿ ತೆರಿಗೆ, ಇನ್ಶೂರೆನ್ಸ್ ಕಳೆದು ತಿಂಗಳಿಗೆ 860 ಪೌಂಡ್, ಪಿಂಚಣಿಗೆ 30 ಎಂದಿಟ್ಟುಕೊಳ್ಳಿ. 860ನ್ನು 12ರಿಂದ ಗುಣಿಸಿ 52ರಿಂದ ಭಾಗಿಸಿದರೆ 198.46, ಮಿತಿ ಮೀರಿತು. ಪಿಂಚಣಿಯ ಅರ್ಧ, 15 ಪೌಂಡ್, ಕಳೆದು 845ಕ್ಕೆ ಹಾಗೇ ಮಾಡಿದರೆ ಸರಿಯಾಗಿ 195, ಭತ್ಯೆ ಉಳಿಯಿತು. ಕೆಲಸಕ್ಕೆ ಹೋದಾಗ ನೋಡಿಕೊಳ್ಳಲು ಹತ್ತಿರದ ಸಂಬಂಧಿಯಲ್ಲದವರಿಗೆ ಕೊಟ್ಟ ಹಣವನ್ನೂ, ಗಳಿಕೆಯ ಅರ್ಧದವರೆಗೆ, ಕಳೆಯಬಹುದು. ರಸೀದಿ ಬೇಕು.

ಶಿಫ್ಟ್ ಏರಿಳಿತವಿದ್ದರೆ ಸರಾಸರಿ ಹಿಡಿಯಿರಿ ಎಂದು ಒತ್ತಾಯಿಸಿ. ಸರಾಸರಿಯ ಬಗ್ಗೆ 2015ರಿಂದ ಡಿಡಬ್ಲ್ಯುಪಿ ಬಳಸಿದ ಮಾರ್ಗಸೂಚಿಯೇ ಸರಿಯಿರಲಿಲ್ಲವೆಂದು ಲಿಜ್ ಸೇಯ್ಸ್ ನಡೆಸಿದ ಸ್ವತಂತ್ರ ಪರಿಶೀಲನೆ 2025ರ ನವೆಂಬರ್‌ನಲ್ಲಿ ಹೇಳಿತು. ಹಳೆಯ ಪ್ರಕರಣಗಳ ಮರುಪರಿಶೀಲನೆಗೆ ಸರ್ಕಾರವೂ ಒಪ್ಪಿದೆ.

ನಮ್ಮವರು ಸಿಕ್ಕಿಬೀಳುವ ಇನ್ನೊಂದು ಜಾಗ ಊರಿನ ಪ್ರವಾಸ. ಬೇಸಿಗೆ ರಜೆಗೆ ಆರು ವಾರ ಬೆಂಗಳೂರಿಗೆ ಹೋದರೆ, ರಜೆಗೆ ಸಿಗುವ ನಾಲ್ಕು ವಾರದ ವಿನಾಯಿತಿ ಮುಗಿದು ಉಳಿದದ್ದು ಸಾಲವಾಗುತ್ತದೆ.

ಎರಡನೆಯ ತೀರ್ಮಾನಕ್ಕೆ ‘ಬೇಕೆಂದು ಮಾಡಲಿಲ್ಲ’ ಎಂಬ ಉತ್ತರ ಸಾಲದು. 1992ರ ಸೋಶಿಯಲ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಶನ್ ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ನೀವು ತಿಳಿಸಬೇಕಾದ್ದನ್ನು ತಿಳಿಸಲಿಲ್ಲ ಅಥವಾ ತಪ್ಪು ಹೇಳಿದಿರಿ, ಅದರಿಂದಲೇ ಹಣ ಹೆಚ್ಚು ಹೋಯಿತು ಎಂದು ತೋರಿಸುವ ಹೊಣೆ ಡಿಡಬ್ಲ್ಯುಪಿಯದು. ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಸಂಬಳ ಗೊತ್ತಿತ್ತು ಎಂದರೆ ನೀವು ತಿಳಿಸಿದಂತೆ ಆಗುವುದಿಲ್ಲ. ಕೇರರ್ಸ್ ಅಲೋಯನ್ಸ್ ಯೂನಿಟ್‌ಗೆ ಯಾವ ದಿನ ಫೋನ್ ಮಾಡಿದಿರಿ, ಅವರೇನು ಬರೆದುಕೊಂಡರು? ಆ ದಾಖಲೆಗಾಗಿ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ (ನಿಮ್ಮ ಬಗೆಗಿನ ದಾಖಲೆಗಳ ಪ್ರತಿ ಕೇಳುವ ಅರ್ಜಿ) ಹಾಕಿ, ಶುಲ್ಕವಿಲ್ಲ. 50 ಪೌಂಡ್ ದಂಡ (ಸಿವಿಲ್ ಪೆನಾಲ್ಟಿ) ಹಾಕಿದ್ದರೆ ಅದನ್ನೂ ಪ್ರತ್ಯೇಕವಾಗಿ ಪ್ರಶ್ನಿಸಿ.

ಮ್ಯಾಂಡೇಟರಿ ರಿಕನ್ಸಿಡರೇಶನ್‌ನಲ್ಲೂ ಒಪ್ಪದಿದ್ದರೆ, ಡಿಡಬ್ಲ್ಯುಪಿ ಕಳಿಸುವ ನೋಟಿಸ್ ಲಗತ್ತಿಸಿ ಒಂದು ತಿಂಗಳೊಳಗೆ ಮೇಲ್ಮನವಿಯ ಎಸ್‌ಎಸ್‌ಸಿಎಸ್ 1 ಫಾರಂ ಟ್ರಿಬ್ಯುನಲ್‌ಗೆ ಕಳಿಸಿ. ಇದಕ್ಕೂ ಖರ್ಚಿಲ್ಲ. ಕಾಗದದ ಮೇಲಿನ ತೀರ್ಪು ಬೇಡ, ವಿಚಾರಣೆಗೆ ಬರುತ್ತೇನೆ ಎಂದೇ ಗುರುತು ಹಾಕಿ. ಇಂಗ್ಲಿಷ್ ತಡವರಿಸಿದರೆ ಕನ್ನಡ ದುಭಾಷಿ ಬೇಕೆಂದು ಅದೇ ಫಾರಂನಲ್ಲಿ ಬರೆಯಿರಿ. ಮಗಳೋ ಅಳಿಯನೋ ಆ ಕೆಲಸ ಮಾಡಲು ಬಿಡುವುದಿಲ್ಲ.