ಚೌತಿಯ ಖತ್‌ಖತೆ ಮಾಡುವ ಕ್ರಮ

ಗೋವಾ ಮತ್ತು ಕಾರವಾರದ ಕಡೆಯ ಕೊಂಕಣಿ ಮನೆಗಳಲ್ಲಿ ಗಣೇಶ ಚೌತಿಯ ಎಲೆಗೆ ಬಡಿಸುವ ಮೇಲೋಗರಗಳಲ್ಲಿ ಖತ್‌ಖತೆಗೆ ವಿಶೇಷ ಸ್ಥಾನವಿದೆ. ಬೇಳೆ ಮತ್ತು ತೆಂಗಿನಕಾಯಿಯ ರಸದಲ್ಲಿ ಹಲವು ತರಕಾರಿಗಳನ್ನು ಬೇಯಿಸುವ ಈ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಗಳಿಲ್ಲ, ಒಗ್ಗರಣೆಯೂ ಇಲ್ಲ. ಕೊತಕೊತ ಕುದಿಯುವ ಸದ್ದೇ ಇದಕ್ಕೆ ಹೆಸರಾಯಿತು ಎನ್ನುತ್ತಾರೆ.

ತರಕಾರಿಗಳ ಸಂಖ್ಯೆ ಐದು, ಏಳು ಹೀಗೆ ಬೆಸವಾಗಿರಬೇಕೆಂಬುದು ರೂಢಿ. ಗಣಪತಿಗೆಂದು 21 ಬಗೆ ಕೂಡಿಸುವವರೂ ಉಂಟು. ಗೋವಾದಲ್ಲಿ ಮೂರ್ತಿಯ ಮೇಲ್ಗಡೆ ‘ಮಾಟೋಳಿ’ ಎಂಬ ಮರದ ಚೌಕಟ್ಟಿಗೆ ಮಳೆಗಾಲದ ಕಾಯಿ, ಹಣ್ಣುಗಳನ್ನು ಕಟ್ಟಿ ತೂಗುಬಿಡುತ್ತಾರೆ. ಅದೇ ಕಾಲದ ಬೆಳೆ ಪಾತ್ರೆಗೂ ಇಳಿಯಬೇಕೆಂಬುದು ನನ್ನ ಅಭಿಪ್ರಾಯವಾದ್ದರಿಂದ ಹೂಕೋಸು, ಕ್ಯಾರೆಟ್‌ಗಳನ್ನು ನಾನು ಸೇರಿಸುವುದಿಲ್ಲ.

ಆರು ಜನರಿಗೆ ಸುವರ್ಣಗೆಡ್ಡೆ, ಎಳೆಯ ಜೋಳದ ತೆನೆ, ಮೂಲಂಗಿ, ನುಗ್ಗೆಕಾಯಿ, ಬಾಳೆಕಾಯಿ, ಗೆಣಸು, ಸಿಹಿಗುಂಬಳ ಎಲ್ಲ ಸೇರಿ ಮುಕ್ಕಾಲು ಕಿಲೋ ಸಾಕು. ಒಂದಂಗುಲದ ಹೋಳುಗಳನ್ನಾಗಿ ಹೆಚ್ಚಿ, ನುಗ್ಗೆಯನ್ನು ಮಾತ್ರ ಬೆರಳುದ್ದ ಕತ್ತರಿಸಬೇಕು. ಸುವರ್ಣಗೆಡ್ಡೆ ಗಂಟಲು ತುರಿಸದಂತೆ ಅದರ ಹೋಳುಗಳನ್ನು ಹುಣಸೆನೀರಿನಲ್ಲಿ ಕಾಲು ಗಂಟೆ ನೆನೆಸಿ ತೊಳೆಯಿರಿ. ಅರ್ಧ ಕಪ್ ತೊಗರಿಬೇಳೆಯನ್ನು ಚಿಟಿಕೆ ಅರಿಶಿನದೊಂದಿಗೆ ಬೇರೆಯಾಗಿ ಬೇಯಿಸಿ ಮಸೆದಿಡಿ. ಒಂದೂವರೆ ಕಪ್ ಕಾಯಿತುರಿ, ಏಳೆಂಟು ಬ್ಯಾಡಗಿ ಮೆಣಸಿನಕಾಯಿ ಮತ್ತು ಅರ್ಧ ಚಮಚ ಅರಿಶಿನವನ್ನು ನುಣ್ಣಗೆ ರುಬ್ಬಿಕೊಳ್ಳಿ.

ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದರೆ ಕುಂಬಳ ಕರಗಿ ಗೆಡ್ಡೆ ಹಸಿಯಾಗಿ ಉಳಿಯುತ್ತದೆ. ಆದ್ದರಿಂದ ಅಗಲವಾದ ಪಾತ್ರೆಯಲ್ಲಿ ಮೂರು ಕಪ್ ನೀರು ಕುದಿಸಿ, ಮೊದಲು ಸುವರ್ಣಗೆಡ್ಡೆ ಮತ್ತು ತೆನೆಯ ತುಂಡುಗಳನ್ನು, ಎಂಟು ನಿಮಿಷದ ಬಳಿಕ ಮೂಲಂಗಿ, ನುಗ್ಗೆ, ಬಾಳೆಕಾಯಿಗಳನ್ನು, ಮತ್ತೆ ಐದು ನಿಮಿಷ ಕಳೆದು ಗೆಣಸು, ಕುಂಬಳಗಳನ್ನು ಉಪ್ಪಿನೊಂದಿಗೆ ಹಾಕಬೇಕು. ಹೋಳುಗಳು ಬೆಂದ ಮೇಲೆ ಬೇಳೆ, ರುಬ್ಬಿದ ಮಸಾಲೆ, ಒಂದು ದೊಡ್ಡ ಚಮಚ ಬೆಲ್ಲ, ನಾಲ್ಕೈದು ಎಸಳು ಕೋಕಂ ಸೇರಿಸಿ. ಹುಳಿ ಮೊದಲೇ ಬಿದ್ದರೆ ತರಕಾರಿ ಬೇಗ ಮೆತ್ತಗಾಗುವುದಿಲ್ಲ.

ಇನ್ನು ತಿರ್ಫಳ. ನಮ್ಮಲ್ಲಿ ಜುಮ್ಮನಕಾಯಿ ಎಂದು ಕರೆಯುವ, ನಾಲಿಗೆಯನ್ನು ಜುಮ್ಮೆನಿಸುವ ಈ ಒಣಕಾಯಿಯಿಲ್ಲದಿದ್ದರೆ ಆಗುವುದು ಬರಿಯ ಕೂಟು. ಹತ್ತು ಹನ್ನೆರಡು ಕಾಯಿಗಳಿಂದ ಕರಿಯ ಬೀಜ ತೆಗೆದುಹಾಕಿ, ಸಿಪ್ಪೆಯನ್ನಷ್ಟೇ ಸ್ವಲ್ಪ ನೀರಿನೊಡನೆ ಲಘುವಾಗಿ ಜಜ್ಜಿ, ಆ ನೀರಿನ ಸಮೇತ ಪಾತ್ರೆಗೆ ಸುರಿಯಬೇಕು. ಬೀಜದಲ್ಲಿ ಪರಿಮಳವಿಲ್ಲ, ಸಿಪ್ಪೆಯನ್ನು ಮಸಾಲೆಯ ಜೊತೆ ರುಬ್ಬಿದರೆ ಅದರ ಕಟುತನವೇ ಮೇಲಾಗುತ್ತದೆ.

ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಸಿ ಇಳಿಸಿದ ಮೇಲೆ ಒಂದು ಚಮಚ ಕೊಬ್ಬರಿ ಎಣ್ಣೆಯನ್ನು ಹಸಿಯಾಗಿಯೇ ಹಾಕಿ ಮುಚ್ಚಿಡಿ. ರಸ ಸಾಂಬಾರಿಗಿಂತ ಗಟ್ಟಿಯಾಗಿ, ಹೋಳುಗಳಿಗೆ ಅಂಟುವಂತಿರಬೇಕು. ಅರ್ಧ ಗಂಟೆ ಬಿಟ್ಟು ಬಿಸಿ ಅನ್ನದೊಂದಿಗೆ ಬಡಿಸಿ. ತಿರ್ಫಳದ ಸಿಪ್ಪೆಯನ್ನು ಎಲೆಯ ಬದಿಗಿಡುವಂತೆ ಹೊಸಬರಿಗೆ ಮುಂಚೆಯೇ ಹೇಳಿಬಿಡಿ.